‘ಒಂದೇ ಜನ’ ಎಂಬ ದಾಯಾದಿ ವಾದ

2024ರ ಫೆಬ್ರುವರಿಯಲ್ಲಿ ಅಮೆರಿಕದ ಟಿವಿ ನಿರೂಪಕ ಟಕರ್ ಕಾರ್ಲ್‌ಸನ್ ಕ್ರೆಮ್ಲಿನ್‌ಗೆ ಹೋಗಿ, ವ್ಲಾಡಿಮಿರ್ ಪುಟಿನ್ ಎದುರು ಕೂತು, ಉಕ್ರೇನ್ ಯುದ್ಧಕ್ಕೆ ಕಾರಣ ಕೇಳಿದರು. ಚೂರು ಇತಿಹಾಸ ಹೇಳುತ್ತೇನೆ, ಅರ್ಧ ನಿಮಿಷವೋ ಒಂದು ನಿಮಿಷವೋ ಸಾಕು ಎಂದ ಪುಟಿನ್, ಕ್ರಿ.ಶ. 862ರ ರಾಜಕುಮಾರ ರೂರಿಕ್‌ನಿಂದ ಶುರು ಹಚ್ಚಿಕೊಂಡರು. ಆ ಒಂದು ನಿಮಿಷ ಸುಮಾರು ಅರ್ಧ ಗಂಟೆ ನಡೆಯಿತು. ಕಾರ್ಲ್‌ಸನ್ ಮುಖದ ಮೇಲಿನ ಕಕ್ಕಾಬಿಕ್ಕಿಯನ್ನು ಜಗತ್ತೇ ನೋಡಿತು. ನ್ಯಾಟೋ ವಿಸ್ತರಣೆಯೇ ಎಲ್ಲಕ್ಕೂ ಮೂಲ ಎಂದು ಟಿವಿ ಚರ್ಚೆಗಳಲ್ಲಿ ಮೇಜು ಕುಟ್ಟುವ ಪಂಡಿತರು ಆ ಅರ್ಧ ಗಂಟೆಯನ್ನು ಒಮ್ಮೆ ಪೂರ್ತಿ ನೋಡುವುದು ಒಳ್ಳೆಯದು. ಯುದ್ಧ ಹೂಡಿದವನೇ ಕಾರಣ ಹೇಳಲು ಬಾಯಿ ಬಿಟ್ಟರೆ ಮೊದಲು ಹೊರಬೀಳುವುದು ನ್ಯಾಟೋ ಅಲ್ಲ, ಒಂಬತ್ತನೇ ಶತಮಾನ.

ಇದೇನು ಹೊಸ ರಾಗವಲ್ಲ. 2021ರ ಜುಲೈ 12ರಂದು ಕ್ರೆಮ್ಲಿನ್ ಜಾಲತಾಣದಲ್ಲಿ ಪುಟಿನ್ ಹೆಸರಿನ ಉದ್ದನೆಯ ಲೇಖನವೊಂದು ಬಂತು. ರಷ್ಯನ್ನರೂ ಉಕ್ರೇನಿಯನ್ನರೂ ಐತಿಹಾಸಿಕವಾಗಿ ಒಂದೇ ಜನ, ನಡುವೆ ಗೋಡೆ ಎಬ್ಬಿಸಿದ್ದು ಹೊರಗಿನವರು ಎನ್ನುವುದು ಅದರ ಸಾರ. ಅದನ್ನು ರಷ್ಯನ್ ಜೊತೆಗೆ ಉಕ್ರೇನಿಯನ್ ಭಾಷೆಯಲ್ಲೂ ಪ್ರಕಟಿಸಿದ್ದರು. ಒಂದೇ ಜನಕ್ಕೆ ಅದನ್ನು ಎರಡು ಭಾಷೆಯಲ್ಲಿ ಯಾಕೆ ಹೇಳಬೇಕಾಯಿತೋ ದೇವರಿಗೇ ಗೊತ್ತು. ಏಳು ತಿಂಗಳ ನಂತರ, 2022ರ ಫೆಬ್ರುವರಿ 21ರ ಭಾಷಣದಲ್ಲಿ ವಾದ ಇನ್ನೂ ಮೇಲೇರಿತು: ಇಂದಿನ ಉಕ್ರೇನ್ ಲೆನಿನ್ ಮತ್ತು ಬೊಲ್ಶೆವಿಕರ ಸೃಷ್ಟಿಯಂತೆ. ಮೂರನೇ ದಿನ ಟ್ಯಾಂಕುಗಳು ಗಡಿ ದಾಟಿದವು.

ರೂರಿಕ್, ಲೆನಿನ್ ಎಲ್ಲ ಹಾಗಿರಲಿ. ಈ ಇಡೀ ಪುರಾಣಕ್ಕೆ ಉತ್ತರವಾಗಿ ಒಂದು ದಿನಾಂಕ ಸಾಕು: 1991ರ ಡಿಸೆಂಬರ್ 1. ಸ್ವತಂತ್ರ ರಾಷ್ಟ್ರವಾಗುವುದಕ್ಕೆ ಒಪ್ಪಿಗೆಯೇ ಎಂದು ಆ ಭಾನುವಾರ ಉಕ್ರೇನಿನ ಜನರನ್ನು ಕೇಳಲಾಯಿತು. ನೂರಕ್ಕೆ ಎಂಬತ್ತನಾಲ್ಕು ಮತದಾರರು ಮತಗಟ್ಟೆಗೆ ಬಂದರು. ಸಿಂಧು ಮತಗಳಲ್ಲಿ ಶೇ. 92ಕ್ಕೂ ಹೆಚ್ಚು, ಅಂದರೆ ಸುಮಾರು 2 ಕೋಟಿ 88 ಲಕ್ಷ, ಹೌದು ಎಂದವು. ಬೇಡವೆಂದವು ಸುಮಾರು 24 ಲಕ್ಷ. 1989ರ ಗಣತಿಯ ಪ್ರಕಾರ ಉಕ್ರೇನಿನಲ್ಲಿದ್ದ ರಷ್ಯನ್ ಜನಾಂಗದವರೇ 1 ಕೋಟಿ 13 ಲಕ್ಷ. ಇದರಲ್ಲಿ ಮಕ್ಕಳನ್ನು ಕಳೆಯಿರಿ, ಮತ ಹಾಕಲು ಬರದವರನ್ನೂ ಕಳೆಯಿರಿ, ಆಮೇಲೂ ಲೆಕ್ಕ ಒಂದನ್ನೇ ಹೇಳುತ್ತದೆ: ರಷ್ಯನ್ ಮೂಲದವರೇ ಭಾರೀ ಸಂಖ್ಯೆಯಲ್ಲಿ ಮಾಸ್ಕೋ ಬೇಡ ಎಂದರು.

ಒಂದೊಂದೇ ಪ್ರಾಂತ್ಯ ತೆಗೆದರೆ ಇನ್ನೂ ಚೆಂದ. ಈಗ ‘ರಷ್ಯಾಕ್ಕೆ ಹಂಬಲಿಸುವ’ ಡೊನೆಟ್ಸ್ಕ್‌ನಲ್ಲಿ ಸುಮಾರು ಶೇ. 84. ಲುಹಾನ್ಸ್ಕ್‌ನಲ್ಲೂ ಅಷ್ಟೇ. ಒಡೆಸ್ಸಾ 85, ಖಾರ್ಕಿವ್ 86, ಖೆರ್ಸಾನ್ 90. ಎಲ್ಲರಿಗಿಂತ ಹಿಂದೆ ಬಿದ್ದ ಕ್ರಿಮಿಯಾ ಕೂಡ 54. ವಿರುದ್ಧ ಬಹುಮತ ಬಂದ ಒಂದೇ ಒಂದು ಪ್ರಾಂತ್ಯವನ್ನು ಯಾರಾದರೂ ತೋರಿಸಲಿ. ಅದೇ ವರ್ಷ ಮಾರ್ಚ್‌ನಲ್ಲಿ ಶೇ. 70 ಉಕ್ರೇನಿಯನ್ನರು ಸೋವಿಯತ್ ಒಕ್ಕೂಟ ಉಳಿಯಲಿ ಎಂದಿದ್ದರಲ್ಲ ಎಂದು ಕೆಲವರು ಕಡತ ಕೆದಕುತ್ತಾರೆ. ಅದೇ ದಿನ ಸಾರ್ವಭೌಮತ್ವದ ಎರಡನೇ ಪ್ರಶ್ನೆಗೆ ಶೇ. 80 ಜನ ಹೌದು ಎಂದದ್ದನ್ನೂ, ನಡುವೆ ಆಗಸ್ಟ್‌ನಲ್ಲಿ ಮಾಸ್ಕೋದ ಬೀದಿಗೆ ಟ್ಯಾಂಕ್ ಇಳಿಸಿ ಕ್ಷಿಪ್ರಕ್ರಾಂತಿಗೆ ಯತ್ನಿಸಿದವರು ಯಾರು ಎನ್ನುವುದನ್ನೂ ಇವರು ಜಾಣತನದಿಂದ ಮರೆಯುತ್ತಾರೆ.

ಅಣ್ಣತಮ್ಮಂದಿರ ಜಗಳ, ಹೊರಗಿನವರಿಗೇಕೆ ಎನ್ನುವ ಮಾತನ್ನೇ ತೆಗೆದುಕೊಳ್ಳೋಣ. ಪಾಲಾಗಿ, ಪತ್ರವಾಗಿ, ನೋಂದಣಿಯಾಗಿ, ಅಣ್ಣನೇ ಸಹಿ ಹಾಕಿದ ಮೇಲೆ ತಮ್ಮನ ಹೊಲಕ್ಕೆ ನೇಗಿಲು ಹೂಡಿದರೆ ನಮ್ಮ ಕಡೆ ಅದನ್ನು ದಾಯಾದಿ ಪ್ರೀತಿ ಎನ್ನುವುದಿಲ್ಲ, ಪೊಲೀಸ್ ಕೇಸು ಎನ್ನುತ್ತಾರೆ. ಇಲ್ಲಿ ಸಹಿಗೇನೂ ಬರವಿಲ್ಲ. 1994ರ ಬುಡಾಪೆಸ್ಟ್ ಒಪ್ಪಂದದಲ್ಲಿ, ಉಕ್ರೇನ್ ತನ್ನ ನೆಲದಲ್ಲಿದ್ದ ಜಗತ್ತಿನ ಮೂರನೇ ದೊಡ್ಡ ಅಣ್ವಸ್ತ್ರ ಸಂಗ್ರಹವನ್ನು ಬಿಟ್ಟುಕೊಡುವುದಕ್ಕೆ ಬದಲಾಗಿ ಅದರ ಗಡಿಯನ್ನು ಗೌರವಿಸುತ್ತೇವೆಂದು ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ಬರೆದುಕೊಟ್ಟರು. 1997ರಲ್ಲಿ ಸ್ನೇಹ ಒಪ್ಪಂದವಾಯಿತು. 2003ರ ಜನವರಿಯಲ್ಲಿ ಎರಡೂ ದೇಶಗಳ ಗಡಿ ಒಪ್ಪಂದಕ್ಕೆ ಕೀವ್‌ನಲ್ಲಿ ಸಹಿ ಬಿತ್ತು. ರಷ್ಯಾದ ಪರವಾಗಿ ಪೆನ್ನು ಹಿಡಿದವರು ಇದೇ ಪುಟಿನ್. ಲೆನಿನ್ ಮಾಡಿದ ‘ತಪ್ಪು’ ಆಗ ನೆನಪಾಗಲಿಲ್ಲವೇ?

ಇನ್ನು ಹಳೆಯ ಕಾಲದ ಕಥೆ. ಕೀವ್‌ನ ರಾಜ ವೊಲೊದಿಮಿರ್ 988ರಲ್ಲಿ ಕ್ರೈಸ್ತ ದೀಕ್ಷೆ ಪಡೆದ, ಆದ್ದರಿಂದ ಕೀವ್ ರಷ್ಯಾದ ತಾಯಿಬೇರು ಎನ್ನುವುದು ವಾದ. ಆಗ ಮಾಸ್ಕೋ ಎಲ್ಲಿತ್ತು? ದಾಖಲೆಗಳಲ್ಲಿ ಮಾಸ್ಕೋದ ಹೆಸರು ಮೊದಲು ಕಾಣಿಸುವುದೇ 1147ರಲ್ಲಿ. ಅದರ ಸ್ಥಾಪಕನೆಂದು ರಷ್ಯನ್ನರು ಕೊಂಡಾಡುವ ಯೂರಿ ದೊಲ್ಗೊರುಕಿ ಸತ್ತದ್ದು ಕೀವ್‌ನಲ್ಲಿ, ಮಣ್ಣಾದದ್ದೂ ಅಲ್ಲೇ ಬೆರೆಸ್ತೊವೊ ಚರ್ಚಿನಲ್ಲಿ. ಅವನ ಮಗ ಆಂದ್ರೇ ಬೊಗೊಲ್ಯುಬ್ಸ್ಕಿ 1169ರಲ್ಲಿ ಸೈನ್ಯ ಕಳಿಸಿ ಕೀವ್ ನಗರವನ್ನು ಸೂರೆ ಮಾಡಿಸಿದ. ತಾಯಿಬೇರಿನ ಮೇಲಿನ ಅಕ್ಕರೆ ಹನ್ನೆರಡನೇ ಶತಮಾನದಲ್ಲೇ ಹೀಗಿತ್ತು. ಕ್ರೆಮ್ಲಿನ್ ಪಕ್ಕದಲ್ಲಿ ಈಗ ಆ ವೊಲೊದಿಮಿರನ (ರಷ್ಯನ್ನರ ಬಾಯಲ್ಲಿ ವ್ಲಾಡಿಮಿರ್) ಬೃಹತ್ ಪ್ರತಿಮೆ ನಿಂತಿದೆ. ಅದು ತಲೆ ಎತ್ತಿದ್ದು 2016ರಲ್ಲಿ, ಕ್ರಿಮಿಯಾ ಕಿತ್ತುಕೊಂಡ ಎರಡು ವರ್ಷಕ್ಕೆ. ಕೀವ್‌ನಲ್ಲಿ ಅದೇ ರಾಜನ ಪ್ರತಿಮೆ 1853ರಿಂದ ನೀಪರ್ ನದಿಯ ಕಡೆ ಮುಖ ಮಾಡಿ ನಿಂತಿತ್ತು.

ಒಂದೇ ಜನ ಎಂಬ ಈ ಪ್ರೀತಿ ನಡೆದುಕೊಂಡ ರೀತಿ ನೋಡಬೇಕು. 1863ರಲ್ಲಿ ತ್ಸಾರ್ ಸರ್ಕಾರದ ಒಳಾಡಳಿತ ಮಂತ್ರಿ ವಾಲುಯೆವ್ ಸುತ್ತೋಲೆ ಹೊರಡಿಸಿ, ಉಕ್ರೇನಿಯನ್ ಎಂಬ ಪ್ರತ್ಯೇಕ ಭಾಷೆ ಇರಲೂ ಇಲ್ಲ, ಇರಲಾರದು ಎಂಬ ಅಭಿಪ್ರಾಯವನ್ನು ಉದ್ಧರಿಸಿ, ಆ ಭಾಷೆಯ ಧಾರ್ಮಿಕ, ಶೈಕ್ಷಣಿಕ ಪುಸ್ತಕಗಳನ್ನು ತಡೆದ. 1876ರಲ್ಲಿ ಎರಡನೇ ಅಲೆಕ್ಸಾಂಡರ್ ಜರ್ಮನಿಯ ಎಮ್ಸ್ ಎಂಬ ಬಿಸಿನೀರಿನ ಬುಗ್ಗೆಯ ಊರಿನಲ್ಲಿ ಆರಾಮ ಮಾಡುತ್ತಿರುವಾಗಲೇ ಇನ್ನೊಂದು ಫರ್ಮಾನಿಗೆ ಸಹಿ ಹಾಕಿದ. ಹೊರದೇಶದಿಂದ ಉಕ್ರೇನಿಯನ್ ಪುಸ್ತಕ ತರುವಂತಿಲ್ಲ, ನಾಟಕ ಆಡುವಂತಿಲ್ಲ, ಸಂಗೀತದ ಸ್ವರಲಿಪಿಯ ಕೆಳಗೆ ಆ ಭಾಷೆಯ ಸಾಹಿತ್ಯವನ್ನೂ ಅಚ್ಚು ಹಾಕುವಂತಿಲ್ಲ. ಇಲ್ಲದ ಭಾಷೆಗೆ ಎಷ್ಟೊಂದು ಪೊಲೀಸರು! ಕವಿ ತರಾಸ್ ಶೆವ್ಚೆಂಕೊ ಗದ್ಯವನ್ನು ಹೆಚ್ಚಾಗಿ ರಷ್ಯನ್ನಿನಲ್ಲೇ ಬರೆದ ಎಂದು ಪುಟಿನ್ ತಮ್ಮ ಲೇಖನದಲ್ಲಿ ಹೆಮ್ಮೆಯಿಂದ ನೆನೆಯುತ್ತಾರೆ. ಉಕ್ರೇನಿಯನ್ ಕವಿತೆಗಳಿಗಾಗಿ ಅದೇ ಶೆವ್ಚೆಂಕೊನನ್ನು 1847ರಲ್ಲಿ ಹಿಡಿದು, ಸಾಮಾನ್ಯ ಸಿಪಾಯಿ ಮಾಡಿ ಗಡೀಪಾರಿಗೆ ಅಟ್ಟಿದಾಗ, ಬರೆಯಲೂ ಬಿಡಬೇಡಿ, ಚಿತ್ರ ಬಿಡಿಸಲೂ ಬಿಡಬೇಡಿ ಎಂದು ತ್ಸಾರ್ ಮೊದಲನೇ ನಿಕೊಲಾಯ್ ಸ್ವಹಸ್ತದಿಂದ ಷರಾ ಬರೆದದ್ದು ಮಾತ್ರ ನೆನಪಿಲ್ಲ.

ಅದೇ ಲೇಖನದಲ್ಲಿ ಇನ್ನೊಂದು ಹೆಸರಿದೆ: ಹ್ರಿಹೊರಿ ಸ್ಕೊವೊರೊದಾ. ಹದಿನೆಂಟನೇ ಶತಮಾನದಲ್ಲಿ ಜೋಳಿಗೆ ಹೆಗಲಿಗೇರಿಸಿ, ಕೊಳಲು ಹಿಡಿದು ಊರೂರು ಅಲೆದ ಅವಧೂತನಂಥ ತತ್ವಜ್ಞಾನಿ. ಅವನ ಕೃತಿಗಳು ‘ನಮ್ಮೆಲ್ಲರ ಸಮಾನ ಪರಂಪರೆ’ ಎಂದು ಪುಟಿನ್ ಬರೆದರು. ಅದಾಗಿ ಹತ್ತು ತಿಂಗಳಾಗಿರಲಿಲ್ಲ, 2022ರ ಮೇ 6ರ ರಾತ್ರಿ ಖಾರ್ಕಿವ್ ಪ್ರಾಂತ್ಯದ ಸ್ಕೊವೊರೊದಿನಿವ್ಕಾ ಹಳ್ಳಿಯಲ್ಲಿ, ಅವನು ಕೊನೆಯ ದಿನಗಳನ್ನು ಕಳೆದ ಮನೆಯನ್ನೇ ಮ್ಯೂಸಿಯಂ ಮಾಡಿ ಇಟ್ಟಿದ್ದ ಕಟ್ಟಡದ ಮಾಡಿಗೆ ರಷ್ಯಾದ ಕ್ಷಿಪಣಿ ಬಡಿಯಿತು. ಬೆಂಕಿ ಹತ್ತಿ ಕಟ್ಟಡ ಕರಕಲಾಯಿತು. ಮೌಲ್ಯದ ವಸ್ತುಗಳನ್ನು ಮೊದಲೇ ಸಾಗಿಸಿದ್ದರಿಂದ ಅವು ಉಳಿದವು. ಹೊಗೆ ಹತ್ತಿದ ಗೋಡೆಗಳ ನಡುವೆ ಸ್ಕೊವೊರೊದಾನ ಪ್ರತಿಮೆ ನಿಂತೇ ಇತ್ತು. ಅದು ಅವನು ಹುಟ್ಟಿದ ಮುನ್ನೂರನೇ ವರ್ಷ. ಸಮಾನ ಪರಂಪರೆಗೆ ಹೀಗೂ ತ್ರಿಶತಮಾನೋತ್ಸವ ಮಾಡಬಹುದು.

ಅದೇ ಪ್ರಾಂತ್ಯದ ಇಜಿಯಂ ಹತ್ತಿರದ ಕಪಿತೊಲಿವ್ಕಾದಲ್ಲಿ ಮಕ್ಕಳ ಸಾಹಿತಿ ವೊಲೊದಿಮಿರ್ ವಕುಲೆಂಕೊ ಇದ್ದ. 2022ರ ಮಾರ್ಚ್‌ನಲ್ಲಿ ಊರು ರಷ್ಯಾದ ಸೈನ್ಯದ ವಶವಾದಾಗ ಡೈರಿ ಬರೆಯುತ್ತಿದ್ದ. ತನ್ನನ್ನು ಬಿಡುವುದಿಲ್ಲ ಎಂದು ಗೊತ್ತಾದಾಗ ಅದನ್ನು ಹಿತ್ತಲಿನ ಚೆರ್ರಿ ಮರದ ಬುಡದಲ್ಲಿ ಹೂತ. ಸೈನಿಕರು ಅವನನ್ನು ಎಳೆದೊಯ್ದರು. ಇಜಿಯಂ ಕಾಡಿನ ಸಮಾಧಿಗಳಲ್ಲಿ 319ನೇ ಸಂಖ್ಯೆಯದು ಅವನದು ಎಂದು ಆಮೇಲೆ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಯಿತು. ಡೈರಿಯನ್ನು ಅಗೆದು ತೆಗೆದವಳು ಕಾದಂಬರಿಗಾರ್ತಿ ವಿಕ್ಟೋರಿಯಾ ಅಮೆಲಿನಾ. 2023ರ ಜೂನ್‌ನಲ್ಲಿ ಕ್ರಮತೋರ್ಸ್ಕ್‌ನ ಹೋಟೆಲೊಂದರಲ್ಲಿ ಊಟಕ್ಕೆ ಕೂತಿದ್ದಾಗ ಕ್ಷಿಪಣಿ ಬಿದ್ದು ಗಾಯಗೊಂಡ ಆಕೆಯೂ ಕೆಲವೇ ದಿನಗಳಲ್ಲಿ ತೀರಿಕೊಂಡಳು.

ಇನ್ನು, ಬರದ ಹೆಸರಲ್ಲಿ ತಿಪ್ಪೆ ಸಾರಿಸುವವರ ಮುಂದೆ ಸ್ತಾಲಿನ್ ಕಾಲದ ಕ್ಷಾಮ ಹೊಲೊದೊಮೊರ್‌ನ ವಿಷಯ ಎತ್ತಿದರೆ ಸಾಕು, ಕಜಕಸ್ತಾನದಲ್ಲೂ ಜನ ಸತ್ತರಲ್ಲ ಎನ್ನುತ್ತಾರೆ. ಸತ್ತರು, ನಿಜ. ಅದರಿಂದ ಸ್ತಾಲಿನ್ ಪಾಪ ಇಮ್ಮಡಿಯಾಯಿತೇ ಹೊರತು ಅರ್ಧವಾಗಲಿಲ್ಲ. 1932–33ರಲ್ಲಿ ಉಕ್ರೇನಿನಲ್ಲಿ ಹಸಿವಿನಿಂದ ಸತ್ತವರ ಸಂಖ್ಯೆ 35ರಿಂದ 40 ಲಕ್ಷದ ಆಸುಪಾಸು ಎಂಬುದು ಹೆಚ್ಚಿನ ಇತಿಹಾಸಕಾರರ ಅಂದಾಜು. ಧಾನ್ಯದ ಕೋಟಾ ತುಂಬದ ಹಳ್ಳಿಗಳನ್ನು ಕಪ್ಪುಪಟ್ಟಿಗೆ ಸೇರಿಸಿ ಅಂಗಡಿ ಸಾಮಾನನ್ನೂ ನಿಲ್ಲಿಸಿದರು. ಹೊಲದಲ್ಲಿ ತೆನೆ ಆಯ್ದವರಿಗೆ ಜೈಲು. 1933ರ ಜನವರಿಯ ಆದೇಶದ ನಂತರ ರೈತರು ಅನ್ನ ಹುಡುಕಿಕೊಂಡು ಉಕ್ರೇನಿನಿಂದ ಹೊರಹೋಗುವುದಕ್ಕೂ ತಡೆ. 1937ರ ಜನಗಣತಿಯಲ್ಲಿ ಜನಸಂಖ್ಯೆ ಕಡಿಮೆ ಬಂತೆಂದು ಸ್ತಾಲಿನ್ ಗಣತಿಯನ್ನೇ ರದ್ದು ಮಾಡಿ, ಅದನ್ನು ನಡೆಸಿದ ಅಧಿಕಾರಿಗಳನ್ನು ಹಿಡಿಸಿದ. ಎಣಿಸಿದ್ದೇ ಅಪರಾಧ! ಈಗಿನವರೂ ಏನು ಕಡಿಮೆಯಿಲ್ಲ. ಮರಿಯುಪೋಲ್ ನಗರವನ್ನು ಬೂದಿ ಮಾಡಿ ವಶಪಡಿಸಿಕೊಂಡ ಮೇಲೆ, 2022ರ ಅಕ್ಟೋಬರ್‌ನಲ್ಲಿ ಅಲ್ಲಿದ್ದ ಹೊಲೊದೊಮೊರ್ ಸ್ಮಾರಕವನ್ನು ಕ್ರೇನ್ ತಂದು ಎತ್ತಿಸಿದರು. ಸ್ತಾಲಿನ್ ಕಾಲದ ಹತ್ಯೆಗಳನ್ನು ದಾಖಲಿಸುತ್ತಿದ್ದ ರಷ್ಯಾದ್ದೇ ‘ಮೆಮೋರಿಯಲ್’ ಸಂಸ್ಥೆಯನ್ನು 2021ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಮುಚ್ಚಿಸಿತು. ಮರುವರ್ಷ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಬಂತು, ಆ ಮಾತು ಬೇರೆ. ಇತಿಹಾಸದ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಕೊಡುವ ದೇಶದಲ್ಲಿ ಇತಿಹಾಸ ಸಂಸ್ಥೆಗೆ ಬೀಗ.

ಆದರೆ ಬಂಡೇರಾ? ನಾಜಿಗಳು? ಕೀವ್‌ನ ಮಾಸ್ಕೋ ಅವೆನ್ಯೂಗೆ 2016ರಲ್ಲಿ ಎರಡನೇ ಮಹಾಯುದ್ಧ ಕಾಲದ ಉಗ್ರ ರಾಷ್ಟ್ರವಾದಿ ನಾಯಕ ಸ್ಟೆಪಾನ್ ಬಂಡೇರಾ ಹೆಸರಿಟ್ಟದ್ದು ಬುದ್ಧಿವಂತರ ಕೆಲಸವಲ್ಲ. 1943ರಲ್ಲಿ ವೊಲಿನ್ಯಾದಲ್ಲಿ ಅವನ ಹಿಂಬಾಲಕರ ಉಕ್ರೇನಿ ಬಂಡುಕೋರ ಸೈನ್ಯ ಪೋಲಿಷ್ ಹಳ್ಳಿಗರನ್ನು ಕೊಂದದ್ದನ್ನು ಪೋಲೆಂಡಿನ ಸಂಸತ್ತು ನರಮೇಧ ಎಂದು ಕರೆದಿದೆ. ಆದರೂ 2022ರಲ್ಲಿ ಲಕ್ಷಗಟ್ಟಲೆ ಉಕ್ರೇನಿ ಹೆಂಗಸರು ಮಕ್ಕಳಿಗೆ ಮನೆಬಾಗಿಲು ತೆರೆದವರು ಅದೇ ಪೋಲರು. ಗಾಯವಾದವರಿಗೆ ಇಲ್ಲದ ಉರಿ ಮಾಸ್ಕೋಗೆ. 2019ರ ಸಂಸತ್ ಚುನಾವಣೆಯಲ್ಲಿ ಉಗ್ರ ಬಲಪಂಥೀಯರ ಜಂಟಿ ಪಟ್ಟಿಗೆ ಬಿದ್ದದ್ದು ಶೇ. 2.15 ಮತ. ಅದೇ ವರ್ಷ ಶೇ. 73 ಮತ ಪಡೆದು ಅಧ್ಯಕ್ಷನಾದವನು ರಷ್ಯನ್ ಮಾತಾಡುತ್ತಾ ಬೆಳೆದ ಯಹೂದಿ, ಅವನ ಅಜ್ಜ ಕೆಂಪು ಸೇನೆಯಲ್ಲಿ ನಾಜಿಗಳ ವಿರುದ್ಧ ಹೋರಾಡಿದವನು.

ಇದೆಲ್ಲ ಗೊತ್ತಿದ್ದೂ ಇಲ್ಲಿನ ಎಡದವರಿಗೂ ಬಲದವರಿಗೂ ರಷ್ಯಾ ಎಂದರೆ ಕರಗುವ ಮನಸ್ಸು. ನವಕರ್ನಾಟಕದ ಮಳಿಗೆಯಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳನ್ನು ಓದಿ ಬೆಳೆದ ತಲೆಮಾರಿಗೆ ಸೋವಿಯತ್ ಎಂದರೆ ಮಾಸ್ಕೋ, ಗೊಗೊಲ್ ಎಂದರೆ ರಷ್ಯನ್, ಚೆರ್ನೊಬಿಲ್ ಎಂದರೂ ರಷ್ಯಾ. ಆ ಪುಸ್ತಕಪ್ರೀತಿಯನ್ನು ಯಾರೂ ಹಳಿಯಬೇಕಿಲ್ಲ, ಅದನ್ನು ವಿದೇಶಾಂಗ ನೀತಿ ಮಾಡಿಕೊಂಡದ್ದನ್ನು ಹಳಿಯಬೇಕು. ಬಲದವರ ಕಾರಣ ಇನ್ನೂ ಸರಳ: ಗಟ್ಟಿಗ ನಾಯಕ, ಅಗ್ಗದ ಕಚ್ಚಾತೈಲ. ವಿಶ್ವಸಂಸ್ಥೆಯಲ್ಲಿ ಭಾರತ ಅಡ್ಡಗೋಡೆಯ ಮೇಲೆ ದೀಪವಿಟ್ಟು ಕೂತಿತು. ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಹಾವೇರಿ ಜಿಲ್ಲೆಯ ಹುಡುಗನೊಬ್ಬ ದಿನಸಿಗೆಂದು ಹೊರಗೆ ಬಂದಾಗ ಶೆಲ್ ದಾಳಿಗೆ ಬಲಿಯಾದ. ಕೆಲಸದ ಆಸೆ ತೋರಿಸಿ ರಷ್ಯಾದ ಸೈನ್ಯಕ್ಕೆ ನೂಕಿದ ಭಾರತೀಯರಲ್ಲಿ ಕಲಬುರಗಿ ಕಡೆಯ ಯುವಕರೂ ಇದ್ದರು. ಹಳೆಯ ಗೆಳೆಯನ ಬಗ್ಗೆ ಆಗಲೂ ಯಾರೂ ಒಂದು ಬಿರುಸಿನ ಮಾತಾಡಲಿಲ್ಲ.

ಮತ್ತೆ ಅದೇ ಅಂಕಿಗೆ ಬರಬೇಕು. 1991ರಲ್ಲಿ ಸ್ವಾತಂತ್ರ್ಯಕ್ಕೆ ಶೇ. 90 ಮತ ಕೊಟ್ಟ ಖೆರ್ಸಾನ್‌ನಲ್ಲಿ 2022ರ ಸೆಪ್ಟೆಂಬರ್ ಕೊನೆಗೆ ರಷ್ಯಾ ಇನ್ನೊಂದು ‘ಜನಮತಗಣನೆ’ ನಡೆಸಿತು. ಮತಪೆಟ್ಟಿಗೆಯ ಜೊತೆ ಬಂದೂಕು ಹಿಡಿದವರೂ ಮನೆಮನೆಗೆ ಬಂದರು. ರಷ್ಯಾ ಸೇರಲು ಶೇ. 87 ಜನ ಒಪ್ಪಿದರು ಎಂದು ಘೋಷಣೆಯಾಯಿತು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 143 ದೇಶಗಳು ಅದನ್ನು ತಿರಸ್ಕರಿಸಿದವು, ಭಾರತ ಸೇರಿ 35 ದೇಶಗಳು ತಟಸ್ಥ. ನವೆಂಬರ್ 11ಕ್ಕೆ ರಷ್ಯಾದ ಸೈನ್ಯ ಊರು ಬಿಟ್ಟು ನೀಪರ್ ದಾಟಿ ಓಡಿತು. ಆ ಶೇ. 87 ಮಂದಿ ಅವತ್ತು ಎಲ್ಲಿ ಅಡಗಿದ್ದರೋ, ಊರಿನ ಚೌಕಕ್ಕೆ ನುಗ್ಗಿದ ಜನರ ಕೈಯಲ್ಲಿದ್ದದ್ದು ನೀಲಿ-ಹಳದಿ ಬಾವುಟ. ಉಕ್ರೇನಿ ಸೈನಿಕರನ್ನು ತಬ್ಬಿ ಅಳುವ ಅಜ್ಜಿಯರ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲೂ ಬಂದವು.

ರಷ್ಯಾದ ಸಂವಿಧಾನದಲ್ಲಿ ಖೆರ್ಸಾನ್ ಇಂದಿಗೂ ರಷ್ಯಾದ ಭಾಗ. ನದಿಯ ಆಚೆ ದಡದಿಂದ ಅದೇ ಊರಿನ ಮೇಲೆ ಡ್ರೋನ್ ಬಿಡುತ್ತಾರೆ. ಬಸ್ಸಿಗೆ ಕಾಯುವವರು, ಸೈಕಲ್ ತುಳಿಯುವವರು, ಆಂಬುಲೆನ್ಸ್ ಯಾವುದನ್ನೂ ಬಿಟ್ಟಿಲ್ಲ. ಈ ದಾಳಿಗಳು ಮಾನವೀಯತೆಯ ವಿರುದ್ಧದ ಅಪರಾಧ ಎಂದು ವಿಶ್ವಸಂಸ್ಥೆಯ ತನಿಖಾ ಆಯೋಗ 2025ರ ಮೇ ತಿಂಗಳಲ್ಲಿ ಹೇಳಿತು. ಮರುತಿಂಗಳು ಸೇಂಟ್ ಪೀಟರ್ಸ್‌ಬರ್ಗ್‌ನ ಆರ್ಥಿಕ ಸಮಾವೇಶದ ವೇದಿಕೆಯಲ್ಲಿ ಕೂತ ಪುಟಿನ್, ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ, ಆ ಅರ್ಥದಲ್ಲಿ ಇಡೀ ಉಕ್ರೇನ್ ನಮ್ಮದೇ ಎಂದರು. ರಷ್ಯಾದ ಸೈನಿಕ ಕಾಲಿಟ್ಟ ನೆಲವೆಲ್ಲ ನಮ್ಮದು ಎಂಬ ಹಳೆಯ ಮಾತನ್ನೂ ಸೇರಿಸಿದರು. ಸಭಿಕರು ಚಪ್ಪಾಳೆ ತಟ್ಟಿದರು.