ಮ್ಯೂಟ್ ಮಾಡಿ ನೋಡಿದ ಜಾಹೀರಾತು

ನಾವು ಬರೆದ ಆ್ಯಪ್‌ನಿಂದಾಗಿ ಪೀಣ್ಯದಲ್ಲಿ ಒಬ್ಬರಿಗೆ ಎರಡು ದಿನದ ಸಂಬಳ ಕಟ್ ಆಯ್ತು. ನಮ್ಮ ಟೆಸ್ಟ್‌ಗಳೆಲ್ಲ ಪಾಸ್ ಆಗಿದ್ವು. ಬೇಜಾರಾಗಿದ್ದೇ ಅದಕ್ಕೆ.

ನಾನು ಕೂತು ಕೆಲಸ ಮಾಡೋದು ವೈಟ್‌ಫೀಲ್ಡ್‌ನಲ್ಲಿ. ನಮ್ಮ ಟೀಮ್ ಮಾಡಿದ ಹಾಜರಿ ಆ್ಯಪನ್ನು ಪೀಣ್ಯದ ಒಂದು ಕಾರ್ಖಾನೆಯ ಗುತ್ತಿಗೆ ಕಾರ್ಮಿಕರು ಬಳಸ್ತಾರೆ. ಗೇಟಿನ ಹತ್ತಿರ ಬಟನ್ ಒತ್ತಿದರೆ ಹಸಿರಾಗುತ್ತೆ. ನೆಟ್‌ವರ್ಕ್ ಸಿಗದಿದ್ದರೆ ಹಾಜರಿ ಫೋನಿನಲ್ಲೇ ಉಳಿದು, ಕೆಳಗೆ ಸಣ್ಣಕ್ಷರದಲ್ಲಿ ಇಂಗ್ಲಿಷಿನ ‘ಸಿಂಕ್ ಪೆಂಡಿಂಗ್’ ಬರುತ್ತೆ. ಆಮೇಲೆ ತಾನಾಗೇ ಕಳಿಸೋ ವ್ಯವಸ್ಥೆ ಇತ್ತು. ಆದರೆ ಬ್ಯಾಟರಿ ಉಳಿಸೋ ಭರದಲ್ಲಿ ಕೆಲವು ಫೋನುಗಳು ಅದನ್ನು ನಿಲ್ಲಿಸಿಬಿಡ್ತವೆ. ಆ್ಯಪ್ ಮತ್ತೆ ತೆರೆಯಬೇಕು. ಆ ಮನುಷ್ಯ ಹಸಿರು ನೋಡಿದರು, ಫೋನ್ ಜೇಬಿಗೆ ಹಾಕಿದರು, ಮಷೀನ್ ಮುಂದೆ ನಿಂತರು. ತಿಂಗಳ ಕೊನೆಗೆ ಎರಡು ದಿನ ಗೈರು. ದುಡ್ಡೇನೋ ಮುಂದಿನ ತಿಂಗಳು ಬಂತು. ಮನೆ ಬಾಡಿಗೆ ಅಲ್ಲಿವರೆಗೆ ಕಾಯುತ್ತಾ?

ನಾವು ಮೊದಲು ಮಾಡಿದ್ದು ಎಂಜಿನಿಯರುಗಳು ಮಾಡೋದನ್ನೇ. ಇನ್ನೂ ನಾಲ್ಕು ಸಾಲು ಸೇರಿಸಿದ್ವಿ, ಅದೂ ಕನ್ನಡ, ಹಿಂದಿ, ತಮಿಳು, ಒಡಿಯಾದಲ್ಲಿ. ಸ್ಕ್ರೀನು ಬಸ್ ಸ್ಟ್ಯಾಂಡಿನ ನೋಟಿಸ್ ಬೋರ್ಡ್ ಥರ ಆಯ್ತು. ಯಾರೂ ಓದಲಿಲ್ಲ.

ಆ ವಾರ ಐಪಿಎಲ್ ಮ್ಯಾಚ್ ನೋಡ್ತಿದ್ದಾಗ ರೂಮ್‌ಮೇಟ್, ಹಳೇ ನೆನಪಿಗೆ ಅಂತ, ಯೂಟ್ಯೂಬ್‌ನಲ್ಲಿ ಝೂಝೂ ಹಾಕಿದ. ನಿಮಗೂ ನೆನಪಿರಬಹುದು: 2009ರ ಐಪಿಎಲ್, ವೊಡಾಫೋನ್ ಜಾಹೀರಾತು, ಮೊಟ್ಟೆ ತಲೆಯ ಬಿಳಿ ಗೊಂಬೆಗಳು. ನಾನಾಗ ಹೈಸ್ಕೂಲಿನಲ್ಲಿದ್ದೆ, ಅದು ಅನಿಮೇಷನ್ ಅಂತಲೇ ನಂಬಿದ್ದೆ. ನೋಡಿದರೆ ಆ ವೇಷದೊಳಗೆ ಇದ್ದದ್ದು ನಿಜವಾದ ಮನುಷ್ಯರು! ಒಗಿಲ್ವಿ ಸಂಸ್ಥೆಯ ಕಲ್ಪನೆಯನ್ನು ಚಿತ್ರ ಮಾಡಿದ್ದು ನಮ್ಮ ಬೆಂಗಳೂರಿನ ನಿರ್ವಾಣ ಫಿಲ್ಮ್ಸ್. ನಿರ್ದೇಶಕರು ಪ್ರಕಾಶ್ ವರ್ಮಾ, ಶೂಟಿಂಗ್ ನಡೆದಿದ್ದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ.

ಕಾರ್ಟೂನಿನಂತೆ ಕಾಣಿಸೋಕೆ ಅವರು ಸೆಕೆಂಡಿಗೆ 20 ಫ್ರೇಮಿನಂತೆ ಚಿತ್ರೀಕರಿಸಿದರು. ಅದನ್ನೇ ಮಾಮೂಲಿ ವೇಗದಲ್ಲಿ ಓಡಿಸಿದರೆ ನಡಿಗೆ ಚುರುಕಾಗುತ್ತೆ, ಮನುಷ್ಯರ ನಡಿಗೆ ಅನ್ನಿಸೋದೇ ಇಲ್ಲ. ದೊಡ್ಡ ತಲೆ, ಸಣಕಲು ಕೈಕಾಲು, ಬೂದು ಹಿನ್ನೆಲೆ, ಬೆರಳೆಣಿಕೆಯ ಮುಖಭಾವ. ಅವು ಆಡೋ ಮಾತು ಯಾವ ಭಾಷೆಯದ್ದೂ ಅಲ್ಲ, ಹಾಗಾಗಿ ಕಲಬುರಗಿಯಲ್ಲೂ ಕೋಲ್ಕತ್ತದಲ್ಲೂ ಅರ್ಥ ಆಯ್ತು. ಒಂದು ಜಾಹೀರಾತಿಗೆ ಒಂದೇ ಸೇವೆ, ಒಂದೇ ತಮಾಷೆ. ಕೊನೆಯಲ್ಲಿ ಬರೋ ಅಕ್ಷರ ಬಿಟ್ಟರೆ ಓದೋಕೆ ಏನೂ ಇಲ್ಲ.

ಮ್ಯೂಟ್ ಮಾಡಿ ಮತ್ತೆ ನೋಡಿದೆ. ಆಗಲೂ ಕಥೆ ಗೊತ್ತಾಯ್ತು. ನಮ್ಮ ಸ್ಕ್ರೀನಿಗೂ ಇದೇ ಬೇಕಲ್ವಾ ಅನ್ನಿಸ್ತು.

ಬಾಲ್‌ಪೆನ್ನಿನಲ್ಲಿ ಒಂದು ಕಡ್ಡಿ ಮನುಷ್ಯನನ್ನು ಬರೆದೆ. ಕೈಯಲ್ಲಿ ಚೀಟಿ, ಮುಂದೆ ಗೇಟು. ನೆಟ್ ಇದ್ದರೆ ಗೇಟು ತೆರೆಯುತ್ತೆ, ಚೀಟಿ ಒಳಗೆ ಹೋಗುತ್ತೆ, ಆಗ ಮಾತ್ರ ಸ್ಕ್ರೀನ್ ಹಸಿರು. ಇಲ್ಲದಿದ್ದರೆ ಅವನು ಗೇಟಿನ ಮುಂದೆ ಕೂತು ಕಾಯ್ತಾನೆ. ಅದನ್ನೇ ಅನಿಮೇಷನ್ ಮಾಡಿಕೊಂಡು ಶನಿವಾರ ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದೆ. ಕಾರ್ಖಾನೆ ಎದುರಿನ ಟೀ ಅಂಗಡಿಯಲ್ಲಿ, ಏನೂ ವಿವರಿಸದೆ, ಫೋನ್ ಕೈಗೆ ಕೊಟ್ಟೆ.

“ಇದೇನು ಸಾರ್, ಟೀ ಬ್ರೇಕಾ?” ಅಂದರು ಒಬ್ಬರು. ಕೂತಿದ್ದಾನೆ, ಅಂದ್ರೆ ಕೆಲಸ ಮುಗಿದಿದೆ. ಇನ್ನಿಬ್ಬರೂ ಹಾಗೇ ಹೇಳಿದರು. ನನ್ನ ಚೀಟಿ ಬೊಂಬೆಯ ಬೆನ್ನ ಹಿಂದೆ ಅಡಗಿಹೋಗಿತ್ತು!

ವಾಪಸ್ ಬಂದು ಅವನನ್ನು ಎಬ್ಬಿಸಿ ನಿಲ್ಲಿಸಿದೆ. ಚೀಟಿ ದೊಡ್ಡದು ಮಾಡಿ, ಎತ್ತಿದ ಕೈಯಲ್ಲಿ ಅಲುಗಾಡೋ ಹಾಗೆ ಇಟ್ಟೆ. ಗೇಟಿನ ಕಂಬಿ, ಗಿಡ, ಮೋಡ ಎಲ್ಲ ಅಳಿಸಿದೆ. ಮುಂದಿನ ಶನಿವಾರ ಅದೇ ಅಂಗಡಿ. ಈ ಸಲ ಒಬ್ಬ ಹುಡುಗ ನೋಡಿದವನೇ, “ಚೀಟಿ ಇನ್ನೂ ಕೈಯಲ್ಲೇ ಇದ್ಯಲ್ಲ, ಕೊಟ್ಟಿಲ್ಲ” ಅಂದ. ಅವನಿಗೆ ಕನ್ನಡ ಓದೋಕೆ ಬರ್ತಿರಲಿಲ್ಲ. ನಾಲ್ಕು ಭಾಷೆಯ ಸಾಲುಗಳನ್ನು ಅವತ್ತೇ ತೆಗೆದುಹಾಕಿದೆ.

ಐಡಿಯಾ ಬರ್ತಿಲ್ಲ ಅಂತ ಒದ್ದಾಡೋ ಗೆಳೆಯರಿಗೆ ನಾನೀಗ ಹೇಳೋದು ಒಂದೇ. ಇವತ್ತು ರಾತ್ರಿ ಯಾವುದಾದ್ರೂ ಜಾಹೀರಾತು ಅಥವಾ ಕಾರ್ಟೂನ್ ಮ್ಯೂಟ್ ಮಾಡಿ ನೋಡಿ. ಅರ್ಥವಾದದ್ದನ್ನು ಒಂದು ಸಾಲಿನಲ್ಲಿ ಬರೆಯಿರಿ. ಆಮೇಲೆ, ಅಷ್ಟು ಹೇಳೋಕೆ ಅವರು ಏನೇನು ಕೈಬಿಟ್ಟಿದ್ದಾರೆ ಅಂತ ಪಟ್ಟಿ ಮಾಡಿ. ನಿಮ್ಮ ಸ್ಲೈಡಿಗೋ ಸ್ಕ್ರೀನಿಗೋ ಬೇಕಾದದ್ದು ಆ ಪಟ್ಟಿಯಲ್ಲೇ ಸಿಗಬಹುದು.

ಸಂಬಳ ಕಟ್ ಆದವರನ್ನೂ ಅದೇ ಟೀ ಅಂಗಡಿಯಲ್ಲಿ ಭೇಟಿಯಾದೆ. ಹೊಸ ಸ್ಕ್ರೀನ್ ತೋರಿಸಿದೆ. ಎರಡು ಸಲ ನೋಡಿ ಕೇಳಿದರು: “ಇದನ್ನ ಮೊದಲೇ ಮಾಡೋಕೆ ಏನಾಗಿತ್ತು?”

ಟೀ ದುಡ್ಡು ನಾನೇ ಕೊಟ್ಟೆ.