ಚಿನ್ನದ ಬಳ್ಳಿಗೆ ಕಾಗದವೇ ಬೇಕೆಂದಿಲ್ಲ

ಹಸ್ತಪ್ರತಿಯ ಪುಟಗಳನ್ನು ಚಿನ್ನ ಮತ್ತು ಬಣ್ಣಗಳ ಹೂಬಳ್ಳಿಗಳಿಂದ ಸಿಂಗರಿಸುವ ಟರ್ಕಿಯ ಕಲೆಯ ಹೆಸರು ತೆಝಿಪ್. ಈಗ ಅಲ್ಲಿನ ಹಲವು ಕಲಾವಿದರು ಅದೇ ಬಳ್ಳಿಗಳನ್ನು ಒಣಗಿದ ಎಲೆ, ನುಣುಪು ಕಲ್ಲು, ಮರ, ಉಷ್ಟ್ರಪಕ್ಷಿಯ ಮೊಟ್ಟೆಯ ಮೇಲೂ ಬರೆಯುತ್ತಿದ್ದಾರೆ. ಕುರಾನಿನ ಪುಟಕ್ಕೆ ಸಲ್ಲುತ್ತಿದ್ದ ಕೆಲಸ ಷೋಕೇಸಿನ ವಸ್ತುವಿಗೆ ಇಳಿಯಿತಲ್ಲ ಎಂದು ಸಂಪ್ರದಾಯವನ್ನು ಪ್ರೀತಿಸುವವರು ನೊಂದುಕೊಂಡರೆ ಅಚ್ಚರಿಯಿಲ್ಲ. ಆದರೆ ಆ ನೋವಿಗೆ ಚರಿತ್ರೆಯ ಆಧಾರವಿಲ್ಲ.

16ನೇ ಶತಮಾನದಲ್ಲಿ ಒಟ್ಟೋಮನ್ ಸುಲ್ತಾನ್ ಸುಲೇಮಾನನ ಅರಮನೆಯ ಚಿತ್ರಶಾಲೆಯಲ್ಲಿ ಕಾರಾ ಮೆಮಿ ಎಂಬ ಮಹಾ ಕಲಾವಿದನಿದ್ದ. ಅದುವರೆಗಿನ ಕಲ್ಪಿತ ಹೂಗಳ ಪಕ್ಕದಲ್ಲಿ ತೋಟದ ಟುಲಿಪ್, ಗುಲಾಬಿ, ಕಾರ್ನೇಷನ್‌ಗಳನ್ನು ನೋಡಿದ ಕೂಡಲೇ ಗುರುತು ಸಿಗುವಂತೆ ಬರೆದವನು ಅವನು. ಸುಲ್ತಾನನೇ ‘ಮುಹಿಬ್ಬಿ’ ಎಂಬ ಕಾವ್ಯನಾಮದಲ್ಲಿ ರಚಿಸಿದ ಕವಿತೆಗಳ 1566ರ ಪ್ರತಿಯನ್ನು ಸಿಂಗರಿಸಿದ್ದೂ ಅವನೇ. ಆ ಹೂಗಳು ಪುಸ್ತಕದಲ್ಲೇ ಉಳಿಯಲಿಲ್ಲ. ಇಜ್ನಿಕ್ ಪಟ್ಟಣದ ಟೈಲ್‌ಗಳಿಗೆ, ರೇಷ್ಮೆ ನಿಲುವಂಗಿಗಳಿಗೆ ಹಬ್ಬಿದವು. 18ನೇ ಶತಮಾನದಲ್ಲಿ ಅಲಿ ಉಸ್ಕುದಾರಿ ಎಂಬ ಕಲಾವಿದ ವಾರ್ನಿಷ್ ಬಳಿದ ಪುಸ್ತಕದ ರಟ್ಟುಗಳ ಮೇಲೆ ಅದ್ಭುತ ಕೆಲಸ ಮಾಡಿದ. ಬಿಲ್ಲುಗಳ ಮೇಲೂ ಚಿನ್ನದ ಬಳ್ಳಿಗಳು ಏರಿದವು. 19ನೇ ಶತಮಾನದ ಕುಶಲಕರ್ಮಿಗಳಂತೂ ಒಣ ಎಲೆಯ ತಿರುಳನ್ನು ತೆಗೆದು, ನರಗಳ ಜಾಲದ ಮೇಲೆ ಚಿನ್ನದ ಅಕ್ಷರಗಳನ್ನು ನಿಲ್ಲಿಸಿದರು. ಟೊರಾಂಟೊದ ಆಗಾ ಖಾನ್ ಮ್ಯೂಸಿಯಂನ ಸಂಗ್ರಹದಲ್ಲಿ ಅಂಥ ಎಲೆಯಿದೆ.

ಹಾಗಾದರೆ ಈ ಕಲೆಯ ಜೀವ ಎಲ್ಲಿದೆ? ಕೈಯಲ್ಲಿ, ತಾಳ್ಮೆಯಲ್ಲಿ. ಮೊಟ್ಟೆಯ ಬಿಳಿ ಮತ್ತು ಪಟಿಕ ಕಲಸಿ ಕಾಗದಕ್ಕೆ ಬಳಿದು, ಒಣಗಿಸಿ, ಉಜ್ಜಿ ನಯ ಮಾಡಬೇಕು. ಚಿನ್ನದ ರೇಕನ್ನು ಗೋಂದಿನೊಂದಿಗೆ ಬೆರಳಿನಿಂದ ಗಂಟೆಗಟ್ಟಲೆ ಅರೆಯಬೇಕು. ತೆಳು ಕಾಗದದಲ್ಲಿ ವಿನ್ಯಾಸ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ರಂಗೋಲಿ ಅಚ್ಚಿನಿಂದ ಪುಡಿ ಉದುರಿಸುವಂತೆ ಇದ್ದಿಲ ಪುಡಿ ತಟ್ಟಿ ಕೆಳಗಿನ ಹಾಳೆಗೆ ಇಳಿಸಬೇಕು. ಬಳಿದ ಚಿನ್ನವನ್ನು ಅಗೇಟ್ ಕಲ್ಲಿನಿಂದ ಒತ್ತಿ ತಿಕ್ಕಿದಾಗಲೇ ಹೊಳಪು. ಕೊನೆಗೆ ಪ್ರತಿ ಎಸಳಿನ ಸುತ್ತ ಕೂದಲೆಳೆಯಷ್ಟು ಸಣ್ಣ ಗೆರೆ.

ಎಲೆ, ಕಲ್ಲುಗಳ ಮೇಲೆ ಈ ಶ್ರಮ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಅಗೇಟ್ ಕಲ್ಲನ್ನು ಬಲವಾಗಿ ಒತ್ತಿದರೆ ಒಣ ಎಲೆ ಪುಡಿಯಾಗುತ್ತದೆ. ಕೆಲವು ಕಲ್ಲುಗಳ ಮೈ ಬಣ್ಣ ಹೀರುತ್ತದೆ. ಸಮತಟ್ಟು ಹಾಳೆಗೆಂದು ಅಳೆದ ವಿನ್ಯಾಸ ಮೊಟ್ಟೆಯ ಉಬ್ಬಿನ ಮೇಲೆ ಕೂರುವುದೇ ಇಲ್ಲ, ಹೊಸದಾಗಿ ಲೆಕ್ಕ ಹಾಕಬೇಕು. ಸಂಪ್ರದಾಯವನ್ನು ಪೂರ್ತಿ ಕರಗತ ಮಾಡಿಕೊಂಡವರಿಗೆ ಮಾತ್ರ ಸಾಧ್ಯವಾಗುವ ಕೆಲಸವಿದು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. 1928ರಲ್ಲಿ ಟರ್ಕಿ ಅರಬ್ಬಿ ಲಿಪಿಯನ್ನು ಬಿಟ್ಟು ಲ್ಯಾಟಿನ್ ಲಿಪಿಗೆ ಬದಲಾಯಿತು. ಸಿಂಗರಿಸಲು ಹೊಸ ಹಸ್ತಪ್ರತಿಗಳೇ ಬರದಂತಾದವು. ರಿಕ್ಕತ್ ಕುಂತ್, ವೈದ್ಯರೂ ಇತಿಹಾಸಕಾರರೂ ಆಗಿದ್ದ ಸುಹೈಲ್ ಉನ್ವೆರ್ ಮೊದಲಾದವರು ಆ ಕಾಲದಲ್ಲಿ ಶಿಷ್ಯರನ್ನು ತಯಾರು ಮಾಡದಿದ್ದರೆ ಈ ವಿದ್ಯೆ ಅಂದೇ ನಿಂತುಹೋಗುತ್ತಿತ್ತು. ಪುಸ್ತಕ ಕೈಬಿಟ್ಟ ಮೇಲೂ ಉಳಿದ ಕಲೆಗೆ ಪುಸ್ತಕದ ಬೇಲಿ ಹಾಕುವುದು ಅನ್ಯಾಯ. 2023ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಟರ್ಕಿ, ಇರಾನ್, ಅಜರ್‌ಬೈಜಾನ್, ತಜಿಕಿಸ್ತಾನ, ಉಜ್ಬೇಕಿಸ್ತಾನಗಳ ಹೆಸರಿನಲ್ಲಿ ಈ ಕಲೆಯನ್ನು ಸೇರಿಸಿದ್ದೂ ಒಂದು ಜೀವಂತ ವಿದ್ಯೆಯಾಗಿಯೇ.

ನಿಜವಾಗಿ ಆಕ್ಷೇಪಿಸಬೇಕಾದ ವಸ್ತು ಒಂದಿದೆ: ಹಳೆಯ ಪುಸ್ತಕದ ಪುಟ. ಹಳೆಯ ಹಸ್ತಪ್ರತಿಗಳನ್ನು ಬಿಡಿಸಿ, ಹಾಳೆ ಹಾಳೆಯಾಗಿ ಕಿತ್ತು, ಮೇಲೆ ಹೊಸ ಚಿತ್ರ ಬರೆದು ಪ್ರವಾಸಿಗರಿಗೆ ಮಾರುವ ವ್ಯಾಪಾರ ಇಸ್ತಾಂಬುಲ್‌ನಲ್ಲಿ ನಡೆದುಬಂದಿದೆ. ಲಿಪಿ ಓದಲಾಗದವರಿಗೆ ಅದು ಪುರಾತನ ಚಿತ್ರದಂತೆ ಕಾಣುತ್ತದೆ. ಚಿತ್ರಕ್ಕೂ ಬರಹಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಹೀಗೆ ಚದುರಿದ ಪುಸ್ತಕ ಮತ್ತೆ ಒಂದಾಗುವುದಿಲ್ಲ. ಎಲೆಯ ಮೇಲೆ ಬರೆದವರನ್ನು ಟೀಕಿಸುವ ದನಿ ಇದರ ವಿರುದ್ಧ ಏಳಲಿ.

ಇಸ್ತಾಂಬುಲ್‌ಗೆ ಹೋಗುವ ಕನ್ನಡಿಗರು ಎಲೆಯ ಮೇಲಿನದೋ ಕಲ್ಲಿನ ಮೇಲಿನದೋ ಒಂದು ತೆಝಿಪ್ ಕೆಲಸವನ್ನು ಕಲಾವಿದರಿಂದಲೇ ನೇರವಾಗಿ ಕೊಳ್ಳಲಿ, ಕೇಳಿದ ಬೆಲೆ ಕೊಡಲಿ. ಹಳೆಯ ಪುಟದ ಮೇಲಿನ ಚಿತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ದಯವಿಟ್ಟು ಕೊಳ್ಳಬೇಡಿ.