ಪಹಣಿಯಲ್ಲಿ ಇಲ್ಲದವರು

2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ನಮ್ಮ ಪ್ರಧಾನಿ ನ್ಯಾಯ ಕೇಳಿದರು. ಲೋಕದ ಜನ ನೂರಾದರೆ ನಾವು 17, ಹೊಗೆ ನೂರಾದರೆ ನಮ್ಮದು ಬರೀ 5 ಅಂದರು. ಸರಿಯಪ್ಪಾ, ತಲೆಲೆಕ್ಕ ನ್ಯಾಯವಾದದ್ದೇ.

ಆ ಲೆಕ್ಕ ಪಾವಗಡದಲ್ಲಿ ಯಾಕಿಲ್ಲ? 2018ರಲ್ಲಿ ಉದ್ಘಾಟನೆಯಾದ ಸೋಲಾರ್ ಪಾರ್ಕು ತಿರುಮಣಿ, ವಳ್ಳೂರು ಮುಂತಾದ ಐದು ಊರುಗಳ ಸುಮಾರು 13,000 ಎಕರೆ ಹಾಸಿಕೊಂಡಿದೆ. 2,050 ಮೆಗಾವ್ಯಾಟ್. ಗುತ್ತಿಗೆ ದುಡ್ಡು ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರುವಾಯ್ತು, ಪಹಣಿಯಲ್ಲಿ ಹೆಸರಿದ್ದವನಿಗೆ. ಬರದ ಸೀಮೆಯ ರೈತ, ಸಿಗಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಹೊಲದಲ್ಲಿ ಕಡ್ಲೆಕಾಯಿ ಕಿತ್ತವಳು? ಬೀಳಲ್ಲಿ ಕುರಿ ಮೇಯಿಸಿದವನು? ತಲೆಮಾರುಗಟ್ಟಲೆ ದುಡಿದೂ ಒಂದು ಗುಂಟೆ ಬರೆಸಿಕೊಳ್ಳಲಾಗದ ನಮ್ಮ ಕೇರಿ? ಇವರಿಗೆ ತಲೆ ಇಲ್ಲವೇ? ಬೇಲಿಯೊಳಗೆ ಗಾಜು ಒರೆಸೋ, ಹುಲ್ಲು ಕೀಳೋ ಕೆಲಸ ಕೆಲವರಿಗೆ. ಮಿಕ್ಕವರಿಗೆ ಬೆಂಗಳೂರಿನ ಬಸ್ಸು.

‘ಹಂಗಾರೆ ಕಲ್ಲಿದ್ದಲೇ ಸುಡೋಣವಾ?’ ಅಂತಾರೆ ಪೇಟೆಯ ಪರಿಸರಪ್ರೇಮಿಗಳು. ಬೇಡ ಸ್ವಾಮಿ. ಬಿಸಿಲೇರಿದರೆ ಮೊದಲು ಬೇಯೋದು ಬಯಲಲ್ಲಿ ಬಗ್ಗಿದ ನಮ್ಮ ಬೆನ್ನೇ. ಸೋಲಾರು ಬೇಕು. ಗುತ್ತಿಗೆ ಪಟ್ಟಿಯಲ್ಲಿ ಕೂಲಿಯವಳ ಹೆಸರೂ ಬೇಕು. ಗ್ಲಾಸ್ಗೋದಲ್ಲಿ ಕೇಳಿದ ಲೆಕ್ಕವನ್ನು ತಿರುಮಣಿಯಲ್ಲಿ ಕೊಡ್ರಿ.